ಸ್ವೇ ಬಾರ್ ಮತ್ತು ಬಲಗಡೆಯ ಸೀಟು

ಅಣ್ಣಿಗೇರಿಯಂಥ ಊರಲ್ಲಿ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಇಟ್ಟುಕೊಂಡವನಿಗೆ ತಲೆ ನೆಟ್ಟಗಿಲ್ಲ ಎಂದು ಕಾಲೇಜಿನ ಸಹೋದ್ಯೋಗಿಗಳು ಆಡಿಕೊಳ್ಳುತ್ತಿದ್ದರು. ಭೌತಶಾಸ್ತ್ರ ಕಲಿಸುವ ನಾನು ಅವರ ಮಾತಿಗೆ ಸೊಪ್ಪು ಹಾಕಿದವನಲ್ಲ. ಆದರೆ ಹೋದ ವರ್ಷ ಸಕ್ಕರೆ ಕಾಯಿಲೆ ನನ್ನ ಬಲಗಣ್ಣನ್ನು ತಿಂದುಹಾಕಿತು, ಎಡಗಣ್ಣೂ ಮಸುಕಾಯಿತು. ಇನ್ನು ಗಾಡಿ ಓಡಿಸಬೇಡಿ ಎಂದರು ಹುಬ್ಬಳ್ಳಿಯ ಡಾಕ್ಟರರು. ಅಂದಿನಿಂದ ಓಡಿಸುವವಳು ನನ್ನ ಹೆಂಡತಿ. ಯಾರಾದರೂ ಕೇಳಿದರೆ ಆಕೆ ಕಲಿಯುತ್ತಿದ್ದಾಳೆ ಎಂದು ಹೇಳುತ್ತಿದ್ದೆ. ಆಕೆ ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದಳು.

ಕಲಘಟಗಿಯ ತವರಿಗೆ ಹೋಗುವಾಗ ತಿರುವುಗಳಲ್ಲಿ ಕಾರು ವಾಲಿ ಭಯವಾಗುತ್ತದೆ ಎಂದಳು. ವಾಲದಂತೆ ಎಡಬಲದ ಗಾಲಿಗಳನ್ನು ಜೋಡಿಸಿ ಹಿಡಿಯುವ ಸರಳಿಗೆ ಸ್ವೇ ಬಾರ್ ಎನ್ನುತ್ತಾರೆ. ಇದ್ದದ್ದನ್ನು ತೆಗೆದು ಇನ್ನೂ ದಪ್ಪನೆಯದನ್ನು ಹಾಕಿಸಬೇಕೆಂದು ನವಲಗುಂದದ ಮೇಸ್ತ್ರಿಯನ್ನು ಕೇಳಿದೆ. ಟ್ರ್ಯಾಕ್ಟರ್ ರಿಪೇರಿಯಲ್ಲೇ ತಲೆ ನೆರೆತ ಮನುಷ್ಯ. ಇದು ಎರಿ ಮಣ್ಣಿನ, ಕಪ್ಪು ನೆಲದ ಸೀಮೆ, ಡಾಂಬರು ಒಂದು ಕಡೆ ಉಬ್ಬಿದರೆ ಇನ್ನೊಂದು ಕಡೆ ಕುಸಿದಿರುತ್ತದೆ, ಸರಳು ಅತಿ ಬಿಗಿಯಾದರೆ ಕಾರು ಕುಪ್ಪಳಿಸುತ್ತದೆ ಎಂದ. ನಾನು ಅರ್ಧ ತಾಸು ಸೂತ್ರ ಹೇಳಿ ವಾದಿಸಿದೆ. ಅವನು ಬೀಡಿ ಹಚ್ಚಿದ. ಕೊನೆಗೆ ತರಿಸಿದ್ದು ಅವನು ಹೇಳಿದ ನಡುಗಾತ್ರದ್ದನ್ನೇ. ಅವನ ಮಾತು ಸರಿಯಿತ್ತು, ಅದಕ್ಕೇ ನನಗೆ ಸಿಟ್ಟು ಬಂದಿತ್ತು.

ಕಾರನ್ನು ಶೆಡ್ಡಿನೊಳಗೆ ಟ್ರ್ಯಾಕ್ಟರ್ ರಿಪೇರಿಯ ಗುಂಡಿಯ ಮೇಲೆ ನಿಲ್ಲಿಸಿ, ಅವನು ಕೆಳಗಿಳಿದು ಸರಳು ಕೂಡಿಸಿದ. ಉಳಿದದ್ದು ಎಂಡ್‌ಲಿಂಕ್, ಅಂದರೆ ಸರಳಿನ ತುದಿಯನ್ನು ಗಾಲಿಗೆ ಕಟ್ಟುವ ಗೇಣುದ್ದದ ಕೊಂಡಿ. ಅದರ ಉದ್ದವನ್ನು ಹೊಂದಿಸುವಾಗ ಓಡಿಸುವವರ ಭಾರ ಸೀಟಿನ ಮೇಲಿರಬೇಕು. ಇಲ್ಲದಿದ್ದರೆ ನೇರ ರಸ್ತೆಯಲ್ಲೂ ಸರಳು ತಿರುಚಿಕೊಂಡೇ ಇರುತ್ತದೆ.

"ಸರಽ, ಓಡಸಾವ್ರು ಏರಿ ಕೂಡ್ರಿ" ಎಂದ ಕೆಳಗಿನಿಂದ. ಹೆಂಡತಿ ಕಲಿಯುತ್ತಿದ್ದಾಳೆ ಎಂದು ಅವನಿಗೂ ಹೇಳಿದ್ದೆ.

ನಾನು ಹೋಗಿ ಕೂತೆ. ಸ್ಟೂಲಿನ ಮೇಲಿದ್ದ ಹೆಂಡತಿ ನನ್ನತ್ತ ನೋಡಿದಳು, ಆಮೇಲೆ ಮಡಿಲಲ್ಲಿದ್ದ ಚೀಲದತ್ತ. ಎಂಟು ತಿಂಗಳ ಮೇಲೆ ಸ್ಟೇರಿಂಗ್ ಕೈಗೆ ಸಿಕ್ಕಿತ್ತು, ಸುಳ್ಳೇಕೆ ಹೇಳಲಿ, ಹಿತವಾಗಿತ್ತು. ನಾನು ಎಂಬತ್ತಾರು ಕೆಜಿ, ಆಕೆ ಐವತ್ತೂ ಇಲ್ಲ. ನನ್ನ ಭಾರಕ್ಕೆ ಹೊಂದಿಸಿದ ಕೊಂಡಿ ಆಕೆ ಕೂತಾಗ ಸರಳನ್ನು ಎಳೆಯುತ್ತದೆ, ಕಾರು ಬಲ ತಿರುವಿಗೊಂದು ಥರ, ಎಡ ತಿರುವಿಗೊಂದು ಥರ ವಾಲುತ್ತದೆ. ಆ ಶೆಡ್ಡಿನಲ್ಲಿ ಇದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಕೂತೇ ಇದ್ದೆ. ಕೆಳಗೆ ನಟ್ಟು ಬಿಗಿಯುವ ಪಾನಾ ತಿರುಗುವ ಸದ್ದು ಕೇಳಿತು. ಭಯವಾಗುತ್ತದೆ ಎಂದವಳನ್ನು ನಾನೇ ಅಪಾಯಕ್ಕೆ ದೂಡುತ್ತಿದ್ದೇನೆ ಎನ್ನಿಸಿ ನಾಚಿಕೆಯಾಯಿತು. ಬಾಗಿಲು ತೆಗೆದು ಇಳಿದೆ.

"ನನಗ ಕಣ್ಣ ಕಾಣಂಗಿಲ್ರಿ. ಗಾಡಿ ಓಡಸಾಕಿ ಆಕಿ."

ಪಾನಾದ ಸದ್ದು ನಿಂತಿತು. ಅಯ್ಯೋ ಪಾಪ ಅನ್ನುತ್ತಾನೆಂದು ಕಾದೆ. ಮೊದಲೇ ಹೇಳಬಾರದಿತ್ತೇ ಎಂದು ಗೊಣಗಿ, ಬಿಗಿದಿದ್ದ ನಟ್ಟನ್ನು ಸಡಿಲಿಸಿದ, ಅಷ್ಟೇ. ಹೆಂಡತಿ ಬಂದು ಸೀಟು ಮುಂದಕ್ಕೆ ಎಳೆದುಕೊಂಡು ಕೂತಳು. ನಾನು ಗೋಡೆಯ ಹತ್ತಿರ ಹೋಗಿ ನಿಂತೆ. ಇನ್ನು ಅಲ್ಲಿ ನನ್ನದೇನೂ ಕೆಲಸವಿಲ್ಲ ಎನ್ನಿಸಿತ್ತು.

ಗುಂಡಿಯಿಂದ ಅವನ ತಲೆ ಮೇಲೆ ಬಂತು. "ಅಲ್ಯಾಕ ನಿಂತ್ರಿ? ಅಕ್ಕಾರ ಬಾಜೂ ನೀವ ಕೂಡ್ರಾವ್ರಲ್ಲ? ನಿಮ್ಮ ವಜನಾನೂ ಬೇಕ್ರಿ, ಬರ್ರಿ."

ಎಡಗಡೆ ಹೋಗಿ ಕೂತೆ. ಅಲ್ಲಾಡಬೇಡಿ ಎಂದು ಗದರಿದ. ಸ್ವಲ್ಪ ಹೊತ್ತಿಗೆ, ಇಬ್ಬರ ಭಾರಕ್ಕೆ ಕೊಂಡಿ ಸರಿಹೊಂದಿದೆ, ಬೋಲ್ಟು ಬಡಿಯುವ ಗೊಡವೆಯೇ ಇಲ್ಲದೆ ಬೆರಳಿನಿಂದಲೇ ಒಳಗೆ ಹೋಯಿತೆಂದು ಕೆಳಗಿನಿಂದ ಹೇಳಿದ. ನನಗೆ ಅಳು ಬಂತು.