ಮೂಳೆ ಮೆತ್ತಗಾಗುವ ತನಕ

ಆ ಲ್ಯಾಬಿನಲ್ಲಿ ದೊಡ್ಡಮ್ಮನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಗೋಡೆ ಗಡಿಯಾರವನ್ನು ಕೈಗಡಿಯಾರದಿಂದ, ಕೈಗಡಿಯಾರವನ್ನು ಕಿಟಕಿಯ ಬಿಸಿಲಿನಿಂದ ತಾಳೆ ನೋಡುವ ಹೆಂಗಸು. ಆಕೆ ಅಲ್ಲಿ ಯಾರಿಗೂ ದೊಡ್ಡಮ್ಮ ಆಗಬೇಕಿರಲಿಲ್ಲ. ಅಕ್ಕ ಅನ್ನುವ ಧೈರ್ಯ ಯಾರಿಗೂ ಬಾರದ್ದರಿಂದ ಹಾಗಾಗಿತ್ತು, ಅಷ್ಟೆ.

ಆಸ್ಪತ್ರೆಯಿಂದ ಬರುವ ರೋಗಿಗಳ ಮೈಯ ಚೂರುಗಳನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳುವಾಗಿ ಸೀಳಿ, ಬಣ್ಣ ಹಾಕಿ ಡಾಕ್ಟರ ಮೈಕ್ರೋಸ್ಕೋಪಿಗೆ ಒಪ್ಪಿಸುವುದು ಅಲ್ಲಿನ ಕೆಲಸ. ಗಾಜು ತೊಳೆಯಲು ಸೇರಿದ ದೊಡ್ಡಮ್ಮ ನೋಡಿ ನೋಡಿಯೇ ಕಲಿತು, ಇಪ್ಪತ್ತೇಳು ವರ್ಷದಿಂದ ಮೂಳೆಯ ಮೇಜಿನ ಒಡತಿ. ಮೂಳೆಯನ್ನು ಇದ್ದ ಹಾಗೇ ಸೀಳಲಾಗದು. ದ್ರಾವಣದಲ್ಲಿ ನೆನೆಹಾಕಿ, ಸುಣ್ಣ ಬಿಡಿಸಿ, ಮೆತ್ತಗೆ ಮಾಡಬೇಕು. ಆ ಬಾಟಲಿಗಳನ್ನು ಆಕೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು.

ಪಕ್ಕದ ಮೇಜಿನವನನ್ನು ಎಲ್ಲರೂ ಅರ್ಜೆಂಟು ಎಂದೇ ಕರೆಯುತ್ತಿದ್ದರು. ಸೇರಿ ಮೂರೇ ವರ್ಷವಾಗಿದ್ದರೂ ಲ್ಯಾಬು ತನ್ನಿಂದಲೇ ನಡೆಯುತ್ತಿದೆ ಎಂದು ನಂಬಿದವನು. ಹಾಗೆ ನಂಬಿದವನು ಅವನೊಬ್ಬನೇ.

ಸೋಮವಾರ ಬೆಂಕಿಕಡ್ಡಿಯಷ್ಟು ಸೊಂಟದ ಮೂಳೆಯ ಚೂರೊಂದು ಬಂತು. ಫಾರಮ್ಮಿನಲ್ಲಿದ್ದದ್ದು ಅರ್ಜೆಂಟುವಿನ ಚಿಕ್ಕಮ್ಮನ ಹೆಸರು. ತಾಯಿಯಿಲ್ಲದ ಅವನನ್ನು ಬಟ್ಟೆ ಹೊಲಿದು ಸಾಕಿದವಳು. ಎಂಟು ವರ್ಷದ ಹಿಂದೆ ಎದೆಯ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡಿದ್ದಳು, ಮುಗಿಯಿತು ಎಂದು ಎಲ್ಲರೂ ಮರೆತಿದ್ದರು. ಈಗ ಸೊಂಟ ನೋವು. ಅದೇ ಕಾಯಿಲೆ ಮೂಳೆಗೆ ಇಳಿದಿದೆಯೇ, ಇಳಿದಿದ್ದರೆ ಅದು ಹಾರ್ಮೋನ್ ಮಾತ್ರೆಗೆ ಬಗ್ಗುವ ಜಾತಿಯೇ? ಮಾತ್ರೆಯೋ, ಮೈ ಹಿಂಡುವ ಕೀಮೋ ಇಂಜೆಕ್ಷನ್ನೋ ಎಂಬುದು ಆ ಕಡ್ಡಿಯ ಮೇಲೆ ನಿಂತಿತ್ತು. ಸ್ವಂತದವರ ಸ್ಯಾಂಪಲ್ಲನ್ನು ಸಿಬ್ಬಂದಿ ಮುಟ್ಟಬಾರದು, ಮೊದಲೇ ತಿಳಿಸಬೇಕು ಎಂಬ ನಿಯಮವಿತ್ತು. ಅರ್ಜೆಂಟು ಬಾಯಿ ಬಿಡಲಿಲ್ಲ.

ಬುಧವಾರ ಮೆಲ್ಲಗೆ ಕೇಳಿದ. "ದೊಡ್ಡಮ್ಮ, ಆ ಸೊಂಟದ್ದು ಆಯ್ತಾ?"

"ಯಾವ ಸೊಂಟ? ನಿನಗ್ಯಾಕೆ ಅದು?"

"ಸುಮ್ನೆ."

"ಸುಮ್ನೆ ಕೇಳೋರನ್ನ ಕಂಡ್ರೆ ನಂಗೆ ಭಯ ಕಣೋ."

ಅವನಿಗೆ ಅನುಮಾನ ಶುರುವಾಯಿತು. ಹೊಟ್ಟೆಯ ಚೂರು ಒಂದೇ ದಿನಕ್ಕೆ ಮುಗಿಯುತ್ತದೆ. ಖಾರದ ಆಸಿಡ್ಡಿಗೆ ಹಾಕಿದರೆ ಮೂಳೆಯೂ ಮಧ್ಯಾಹ್ನದೊಳಗೆ ಮೆತ್ತಗಾಗುತ್ತದೆ. ಈಕೆ ನಿಧಾನದ ದ್ರಾವಣದಲ್ಲಿ ದಿನಗಟ್ಟಲೆ ಮುಳುಗಿಸಿಡುವುದೇಕೆ? ಕೆಲಸ ಕಡಿಮೆಯಾದರೆ ಮೇಜು ಹೋದೀತೆಂಬ ಹೆದರಿಕೆಯೇ? ಅಥವಾ ಸ್ಯಾಂಪಲ್ ಕಳೆದುಹಾಕಿ ಮುಚ್ಚಿಡುತ್ತಿದ್ದಾಳೋ? ಬೀಗದ ಬೀರು ಅಂದ ಮೇಲೆ ಏನಾದರೂ ಇರಲೇಬೇಕು.

ಗುರುವಾರ ದೊಡ್ಡಮ್ಮ ಊಟಕ್ಕೆ ಎದ್ದಾಗ ಕೀಲಿ ಬೀರುವಿನಲ್ಲೇ ಇತ್ತು. ಇಪ್ಪತ್ತೇಳು ವರ್ಷ ಮರೆಯದವಳು ಇವತ್ತು ಹೇಗೆ ಮರೆತಳು ಎಂದು ಯೋಚಿಸುವಷ್ಟು ಬುದ್ಧಿ ಅವನಿಗೆ ಆಗ ಇರಲಿಲ್ಲ. ಮುಂದಿನ ಸಾಲಿನಲ್ಲಿ ಒಂದೇ ಬಾಟಲಿ. ಒಳಗೆ ಬೆಳ್ಳನೆಯ ಚೂರು. ನಂಬರು ಓದಲಿಲ್ಲ, ಓದಲು ಚೀಟಿಯೇ ಇರಲಿಲ್ಲ. ದ್ರಾವಣ ಚೆಲ್ಲಿ ಆಸಿಡ್ ಸುರಿದ. ಬುಸಬುಸನೆ ಗುಳ್ಳೆ ಎದ್ದವು.

"ಬೆಂತಾ?" ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು.

ಅವನು ಬಾಟಲಿಗೆ ಅಡ್ಡ ನಿಂತ.

"ಬೇಯ್ಲಿ ಬಿಡು. ನಿನ್ನೆ ನನ್ನ ಡಬ್ಬಿಲಿ ಉಳಿದಿದ್ದ ಕೋಳಿಮೂಳೆ ಚೂರು ಅದು. ನಿಮ್ಮ ಚಿಕ್ಕಮ್ಮಂದು ಸೋಮವಾರದಿಂದ ಡಾಕ್ಟರ ರೂಮಲ್ಲಿ ನೆನೀತಿದೆ."

"ನಿಮಗೆ ಹೇಗೆ..."

"ಫಾರಮ್ಮಲ್ಲಿ ಮನೆಯವರ ಫೋನ್ ನಂಬರು ಅಂತ ನಿಂದೇ ಇದೆಯಲ್ಲೋ, ಬುದ್ಧಿವಂತ! ಅವತ್ತಿಂದ ನಿನ್ನ ಕೈ ಮೇಲೇ ನನ್ನ ಕಣ್ಣು."

ಆಸಿಡ್ಡನ್ನು ಚೆಲ್ಲಿ, ಸ್ಟೂಲ್ ಎಳೆದು ಕೂತಳು. ಮೇಜಿಗೆ ಬಂದ ಹೊಸದರಲ್ಲಿ ಅವಳೂ ಒಮ್ಮೆ ಯಾರೋ ಅತ್ತರೆಂದು ಅವಸರ ಮಾಡಿದ್ದಳಂತೆ. ಮೂಳೆ ಬೇಗ ಮೆತ್ತಗಾಯಿತು, ಆದರೆ ಆಸಿಡ್ಡು ಜೀವಕೋಶದೊಳಗೆ ಬಣ್ಣ ಹಿಡಿಯುವ ಹಾರ್ಮೋನಿನ ಗುರುತನ್ನೂ ತಿಂದಿತ್ತು. ಬಣ್ಣ ಕೂರಲಿಲ್ಲ. ಮಾತ್ರೆಗೆ ಬಗ್ಗದ ಜಾತಿ ಎಂದು ವರದಿ ಹೋಯಿತು. ಅದು ಸುಳ್ಳೆಂದು ಗೊತ್ತಾಗುವ ಹೊತ್ತಿಗೆ ಆ ಹೆಂಗಸಿಗೆ ಮೂಳೆಯ ಚೂರಿಗಾಗಿ ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವ ಶಕ್ತಿ ಉಳಿದಿರಲಿಲ್ಲ. ದೊಡ್ಡಮ್ಮ ಬೀಗ ತಂದದ್ದು ಆ ವಾರ.

"ಚಿಕ್ಕಮ್ಮಂಗೆ ಅದೇ ಕಾಯಿಲೆ ಬಂದಿದ್ರೆ, ಎಂಟು ವರ್ಷ ಎಲ್ಲಿತ್ತು ದೊಡ್ಡಮ್ಮ?"

"ಎಲ್ಲೋ ಉಸಿರು ಬಿಗಿಹಿಡಿದು ಕೂತಿರುತ್ತೆ. ಮೂಳೆ ಅಂದ್ರೆ ಕಲ್ಲಲ್ಲ ಕಣೋ, ಸದಾ ರಿಪೇರಿ ನಡೀತಿರೋ ಮನೆ. ಒಡೆಯೋ ಜೀವಕೋಶ ಒಂದಷ್ಟು, ಕಟ್ಟೋವು ಒಂದಷ್ಟು. ಈ ಕ್ಯಾನ್ಸರ್ ಬಂದು ಕಟ್ಟೋರ ಕಿವಿ ಊದುತ್ತೆ. ಅವರು ಒಡೆಯೋರನ್ನ ಛೂ ಬಿಡ್ತಾರೆ. ಗೋಡೆ ಒಡೆದಾಗ ಒಳಗೆ ಹುದುಗಿರೋ ಬೆಳೆಸೋ ರಸ ಹೊರಗೆ ಬರುತ್ತೆ. ಅದನ್ನ ಕುಡಿದು ಇದು ಇನ್ನೂ ಕೊಬ್ಬುತ್ತೆ. ಕೊಬ್ಬಿ ಮತ್ತೆ ಕಿವಿ ಊದುತ್ತೆ."

"ಹಾಗಾದ್ರೆ ಮನೆಯವರೇ ಕಳ್ಳನಿಗೆ ಅನ್ನ ಹಾಕ್ತಾರೆ ಅನ್ನಿ."

"ಕಳ್ಳ ಅಂತ ಗೊತ್ತಿರಲ್ಲ ಪಾಪ. ಒಡೆಯೋರ ಕೈ ಹಿಡಿಯೋಕೆ ಈಗ ಇಂಜೆಕ್ಷನ್ ಇದೆ. ಆದ್ರೆ ಒಳಗೆ ಕೂತಿರೋನು ಯಾವ ಜಾತಿ ಅಂತ ಮೊದಲು ಗೊತ್ತಾಗ್ಬೇಕು. ನಾಳೆವರೆಗೆ ನೀನು ಈ ಕಡೆ ತಲೆ ಹಾಕಿದ್ರೆ ನೋಡು!"

ಶುಕ್ರವಾರ ಮೂಳೆ ಮೆತ್ತಗಾಯಿತು. ಶನಿವಾರ ದೊಡ್ಡಮ್ಮ ಸೀಳಿ, ಬಣ್ಣ ಹಾಕಿ, ಸ್ಲೈಡನ್ನು ತಾನೇ ಒಯ್ದಳು. ಅರ್ಜೆಂಟುವನ್ನು ಕಾರಿಡಾರಿನ ಬೆಂಚಿನಲ್ಲಿ ಕೂರಿಸಿದ್ದಳು. ಅರ್ಧ ಗಂಟೆಯ ಮೇಲೆ ಹೊರಬಂದಳು.

"ಎದೆಯದೇ. ಮೂಳೆಗೆ ಬಂದಿದೆ." ಅವನ ಮುಖ ನೋಡಿ ಬೇಗ ಮುಂದುವರಿಸಿದಳು. "ಕಂದು ಬಣ್ಣ ಚೆನ್ನಾಗಿ ಕೂತಿದೆ. ಮಾತ್ರೆಗೆ ಬಗ್ಗೋ ಜಾತಿ. ಮೂರು ಸಲ ನೋಡಿಸ್ದೆ. ಡಾಕ್ಟರ ಕಣ್ಣೂ ಕಣ್ಣೇ ತಾನೆ!"

ಸಂಜೆ ಚಿಕ್ಕಮ್ಮ ಗುಂಡಿ ಹೊಲಿಯುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಸೂಜಿ ನಿಲ್ಲಿಸದೆ ಕೇಳಿದಳು.

"ಬರೀ ಮಾತ್ರೆನಾ? ಜೊತೆಗೆ ಮೂಳೆ ಕಾಯೋಕೊಂದು ಇಂಜೆಕ್ಷನ್ನಾ? ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ ತಾನೆ?"

"ಇಲ್ಲ ಚಿಕ್ಕಮ್ಮ."

"ಪೂರ್ತಿ ಹೋಗುತ್ತಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ಹೋಗಲ್ಲ. ತಡೆದು ಇಡಬಹುದು. ಕೆಲವರಿಗೆ ಎಷ್ಟೋ ವರ್ಷ."

ಆಕೆ ಅವನ ಮುಖವನ್ನು ತಪ್ಪು ಹೊಲಿಗೆ ಹುಡುಕುವವಳಂತೆ ನೋಡಿದಳು. ಆಮೇಲೆ ದಾರ ಕಚ್ಚಿ ಹರಿದಳು.

"ಹೋಗಲ್ಲ ಅಂದ್ಯಲ್ಲ, ಇನ್ನು ಉಳಿದಿದ್ದೂ ನಿಜ ಇರ್ಬೇಕು. ಮಾತ್ರೆ ಊಟಕ್ಕೆ ಮುಂಚೆನೋ ಆಮೇಲೋ, ಅದು ಹೇಳು."