ಡಿಸೈನರ್‌ಗಿಂತ ಮೊದಲು ಬಾಳವ್ವ

ಲಕಮನಹಳ್ಳಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ರಾತ್ರಿ ಪಾಳಿ ಮುಗಿಸಿದವರ ಬೈಕುಗಳು ಕಾರ್ಖಾನೆಗಳಿಂದ ಹೊರಬೀಳುತ್ತಿವೆ. ಸೆರಗು ಹೊದ್ದ ಬಾಳವ್ವ ರಸ್ತೆಯಂಚಿಗೆ ನಿಂತು, ಸವಾರರ ಕಣ್ಣು ಎತ್ತ ಹೊರಳುತ್ತದೆಂದು ನೋಡುತ್ತಿದ್ದಾರೆ. ಪಕ್ಕದಲ್ಲಿರುವ ರಜನಿಗೆ ಎದುರಿನ ಮಳಿಗೆಯಲ್ಲಿ ರೊಟ್ಟಿ ಖಾನಾವಳಿ ತೆರೆಯುವ ಆತುರ.

"ಲಗೂ ಬೋರ್ಡ್ ಮಾಡಿಕೊಡ್ರಿ ಅಂದ್ರ ರಸ್ತಾದಾಗ ನಿಂದ್ರಿಸೀರಲ್ರಿ!"

"ತಡಿಯವಾ ತಂಗಿ. ಮೊದಲ ಬೋರ್ಡ್ ಓದಾವ್ರನ್ನ ನೋಡೂಣು," ಎನ್ನುತ್ತಾರೆ ಬಾಳವ್ವ.

ಹುಬ್ಬಳ್ಳಿಯ ದುರ್ಗದಬೈಲಿನ ಪ್ರಿಂಟಿಂಗ್ ಪ್ರೆಸ್ಸಿಗೆ ಲಗ್ನಪತ್ರಿಕೆ ಮಡಚಲು ಸೇರಿದವರು ಇವರು. ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬರೇ ಬೆಳೆಸಿದ ಗಟ್ಟಿ ಜೀವ. ಗಿರಾಕಿ ಹೇಳುವುದೊಂದು, ಡಿಸೈನರ್ ಮಾಡುವುದೊಂದು, ಕೊನೆಗೆ ಜಗಳ! ನೋಡಿ ನೋಡಿ ರೋಸಿ ತಾವೇ ನಡುವೆ ಕೂತರು. ಈಗ ಪತ್ರಿಕೆಗೆ ಬರಲಿ, ಬೋರ್ಡಿಗೆ ಬರಲಿ, ಯಾವ ಗಿರಾಕಿಯಾದರೂ ಮೊದಲು ಇವರ ಮುಂದೆ ಕೂರಬೇಕು. ಯಾರು ನೋಡುತ್ತಾರೆ, ಎಲ್ಲಿಂದ ನೋಡುತ್ತಾರೆ, ನೋಡಿ ಏನು ಮಾಡಬೇಕು? ಉತ್ತರ ಸಿಗದಿದ್ದರೆ ಗಿರಾಕಿಯನ್ನು ಕರೆದುಕೊಂಡು ಜಾಗಕ್ಕೇ ಹೊರಟುಬಿಡುತ್ತಾರೆ. ಎಂಥಾ ತಾಳ್ಮೆ ಅಂತೀರಿ!

"ಅಕ್ಕಾರು ಹೂಂ ಅನ್ನೂತನಾ ನಾ ಕಂಪ್ಯೂಟರ್ ಮುಟ್ಟಂಗಿಲ್ರಿ," ಎನ್ನುತ್ತಾರೆ ಡಿಸೈನರ್ ಸೌರಭ.

ರಜನಿಗೆ ಇದು ಎರಡನೆಯ ಸಲ. ಕೆಲಗೇರಿಯಲ್ಲಿ ತೆರೆದಿದ್ದ ಖಾನಾವಳಿಯ ಬೋರ್ಡಿನ ತುಂಬ ಮಾವ, ಭಾವಂದಿರು, ಮೈದುನರ ಫೋಟೊ. ಹಿರಿಯರನ್ನು ಬಿಟ್ಟರೆ ಆದೀತೆ? ಯಾರದೋ ಹುಟ್ಟುಹಬ್ಬದ ಬ್ಯಾನರ್ ಎಂದುಕೊಂಡು ಜನ ಮುಂದೆ ಹೋದರು. ರೊಟ್ಟಿ ಬುಟ್ಟಿಯಲ್ಲೇ ಆರಿದವು, ಖಾನಾವಳಿ ಮುಚ್ಚಿತು. "ಈ ಸಲಾನೂ ಮುಚ್ಚಿದ್ರ ಮನ್ಯಾಗ ಇನ್ನೊಮ್ಮೆ ಬಿಡಂಗಿಲ್ರಿ," ಎನ್ನುತ್ತಾರೆ ರಜನಿ. ಆದರೂ ಮಾವನ ಫೋಟೊ ಬೇಡವೆನ್ನಲು ಬಾಯಿ ಬಾರದು.

ಆ ಧೈರ್ಯ ಬಾಳವ್ವನದು. ಅಲ್ಲಿಂದ ನೆಟ್ಟಗೆ ಮಾವ ಶಾಂತಯ್ಯನವರ ಮನೆಗೇ ಹೋಗುತ್ತಾರೆ. "ಯಜಮಾನ್ರ, ನಿಮ್ಮನ್ನ ದೊಡ್ಡದಾಗಿ ಹಾಕೂಣೇನು, ರೊಟ್ಟಿನ್ನ ಹಾಕೂಣೇನು? ಬೈಕ್ ಮ್ಯಾಲಿನ ಮಂದಿಗೆ ಎರಡರಾಗ ಒಂದ ಕಾಣ್ತೈತ್ರಿ." ಹಿರಿಯರು ಮುಖ ಗಂಟಿಕ್ಕುತ್ತಾರೆ. ಬಾಳವ್ವ ಜಗ್ಗುವುದಿಲ್ಲ. "ನಿಮ್ಮ ಫೋಟೊ ಒಳಗ ಗಲ್ಲಾ ಮ್ಯಾಲ ಇರಲ್ರಿ. ಉಂಡಾವ್ರು ಕೈ ಮುಗೀತಾರ." ಕೊನೆಗೆ "ಆತು ತಗೋ" ಎನ್ನುತ್ತಾರೆ ಶಾಂತಯ್ಯ. ಸೌರಭ ಕೆಲಸ ಶುರು ಮಾಡಿದ್ದು ಆಮೇಲೆಯೇ.

ದೊಡ್ಡದೊಂದು ರೊಟ್ಟಿ, ಪಕ್ಕದಲ್ಲಿ 'ಬಿಸಿ ಊಟ'. ಅಷ್ಟೇ ಬೋರ್ಡು. ಖಾನಾವಳಿ ತೆರೆದ ಮುಂಜಾನೆ ಬಾಳವ್ವ ಹಾಜರು. ಒಂದು ಬೈಕು ನಿಧಾನವಾಗುತ್ತದೆ, ಖಾನಾವಳಿಯತ್ತ ಹೊರಳುತ್ತದೆ. ಅದರ ಹಿಂದೆ ಇನ್ನೆರಡು. ರಜನಿ ತಾಟು ಹಚ್ಚಿ ಬಡಿಸುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ.

"ಬೋರ್ಡ್ ಛಂದ ಐತಿ ಅಂತ ಒಬ್ಬರೂ ಅನ್ಲಿಲ್ಲ ನೋಡ್ರಿ," ಎಂದು ಬಾಳವ್ವ ನಗುತ್ತಾರೆ. "ಸೀದಾ ಒಳಗ ಹೋಗಿ ಉಣ್ಣಾಕ ಕುಂತ್ರು. ನನಗ ಅಷ್ಟ ಸಾಕ್ರಿ."