ಗಿರಿಜಕ್ಕ ನೋಡಿಕೊಂಡ ಹೊಟ್ಟು

ಕಾಫಿ ಹೊಟ್ಟು, ಮರದ ಪುಡಿ ಒತ್ತಿ ಬಾಯ್ಲರಿಗೆ ಉರುವಲು ಮಾಡುವ ಮೆಷಿನ್ ನಮ್ಮದು, ಆಲೂರಿನಲ್ಲಿ. ಹೊಟ್ಟು ಒದ್ದೆಯಿದ್ದರೆ ಮೆಷಿನ್ ಅಲ್ಲೇ ಕಚ್ಚಿಕೊಂಡು ನಿಂತುಬಿಡುತ್ತದೆ. ಬೆಳಗೋಡಿನ ಎಸ್ಟೇಟೊಂದರಲ್ಲಿ ಗರಿಗರಿ ಒಣಗಿದ ಹೊಟ್ಟಿನ ರಾಶಿ ಕಂಡು, ಸ್ಟೋರಿನ ಕೆಲಸದ ಗಿರಿಜಕ್ಕನಿಗೆ, "ಹತ್ತು ದಿನ ಬಿಟ್ಟು ಪಿಕಪ್ ತರ್ತೀನಿ, ಅಲ್ಲೀತನಕ ಚೆನ್ನಾಗಿ ನೋಡ್ಕೊಳ್ಳಿ" ಅಂದು ಬಂದೆ.

ಮತ್ತೆ ಹೋದಾಗ ರಾಶಿ ಕಪ್ಪಾಗಿ ಹಬೆಯಾಡುತ್ತಿತ್ತು.

"ದಿನಾ ನಾಕು ಕೊಡ ನೀರು ಹಾಕಿವ್ನಿ," ಎಂದರು ಗಿರಿಜಕ್ಕ ಹೆಮ್ಮೆಯಿಂದ. "ಚೆನ್ನಾಗಿ ಕೊಳೆತೈತೆ. ಯಾವ ತೋಟಕ್ಕೆ ಹಾಕ್ತೀರಿ?"

"ತೋಟಕ್ಕಲ್ಲ ಕಣಕ್ಕ, ಸುಡಕ್ಕೆ!"

ಅವರು ನನ್ನನ್ನೇ ದಿಟ್ಟಿಸಿದರು. "ಇಂಥ ಗೊಬ್ಬರಾನ ಯಾರಾದ್ರೂ ಸುಡ್ತಾರಾ ಮಾರಾಯ?"

ಪಿಕಪ್ ಖಾಲಿ ತಿರುಗಿತು, ಮೆಷಿನ್ ಎರಡು ದಿನ ಸುಮ್ಮನೆ ಕೂತಿತು. ಈಗ ಯಾವ ಎಸ್ಟೇಟಿಗೆ ಹೋದರೂ ಮೊದಲೇ ಕೈಮುಗಿಯುತ್ತೇನೆ: "ದಯವಿಟ್ಟು ಹೊಟ್ಟನ್ನ ಯಾರೂ ನೋಡ್ಕೊಬೇಡಿ."